ನೋಯುವ ಹಿಮ್ಮಡಿ, ನೋಯದ ಆಣಿ

ಪ್ರಶ್ನೆ: ನನಗೆ 46 ವರ್ಷ. ಶಿಕ್ಷಕಿ. ದಿನಕ್ಕೆ ಐದಾರು ಗಂಟೆ ನಿಂತೇ ಇರುತ್ತೇನೆ. ನಾಲ್ಕು ತಿಂಗಳಿಂದ ಬೆಳಗ್ಗೆ ಹಾಸಿಗೆಯಿಂದ ಇಳಿದು ಬಲಗಾಲು ಊರಿದ ಕೂಡಲೇ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾಗುತ್ತದೆ. ಹತ್ತಿಪ್ಪತ್ತು ಹೆಜ್ಜೆ ನಡೆದರೆ ಕಡಿಮೆಯಾಗುತ್ತದೆ. ಸಂಜೆ ಮತ್ತೆ ಶುರುವಾಗುತ್ತದೆ. ಎಕ್ಸ್‌-ರೇ ತೆಗೆಸಿದಾಗ ಹಿಮ್ಮಡಿಯ ಮೂಳೆ ಮುಳ್ಳಿನಂತೆ ಬೆಳೆದಿದೆ ಎಂದರು. ಅದನ್ನು ಶಸ್ತ್ರಚಿಕಿತ್ಸೆ ಮಾಡಿಸಿ ತೆಗೆಸಬೇಕೇ? ಹಿಮ್ಮಡಿಗಳು ಒಡೆದಿವೆ, ಎರಡು ಉಗುರುಗಳು ಹಳದಿಯಾಗಿ ದಪ್ಪಗಾಗಿವೆ. ಇನ್ನೊಂದು ಸಣ್ಣ ವಿಷಯ: ನನ್ನ ತಾಯಿಗೆ 71 ವರ್ಷ, 15 ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅವರ ಎಡ ಅಂಗಾಲಿನಲ್ಲಿ, ಹೆಬ್ಬೆರಳ ಬುಡದಲ್ಲಿ ಒಂದು ಆಣಿ ಇದೆ. ನೋವೇನೂ ಇಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಆಣಿಪಟ್ಟಿ ಅಂಟಿಸಬಹುದೇ?

ಉತ್ತರ: ನೀವು ಕೊನೆಯಲ್ಲಿ ‘ಇನ್ನೊಂದು ಸಣ್ಣ ವಿಷಯ’ ಎಂದು ಸೇರಿಸಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಹಿಮ್ಮಡಿ ನೋವು ನಿಮ್ಮನ್ನು ಎಷ್ಟೇ ಕಾಡುತ್ತಿದ್ದರೂ, ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ಅದರಿಂದ ಕಾಲಿಗೆ ಅಪಾಯವಿಲ್ಲ. ಅದಕ್ಕೆ ಸಮಯವಿದೆ. ತಾಯಿಯವರ ಆಣಿಗೆ ಅಷ್ಟು ಸಮಯವಿಲ್ಲ. ನೋವೇನೂ ಇಲ್ಲ ಎಂಬ ಮಾತನ್ನು ನೀವು ಸಮಾಧಾನದಿಂದ ಬರೆದಿದ್ದೀರಿ; ನನಗೆ ಕಳವಳವಾದದ್ದು ಆ ಮಾತಿನಿಂದಲೇ.

ಹೆಬ್ಬೆರಳ ಬುಡ ಪ್ರತಿ ಹೆಜ್ಜೆಯಲ್ಲೂ ಮೈಭಾರ ಹೊರುವ ಜಾಗ. ಅಲ್ಲಿ ಆಣಿ ಕಟ್ಟಿದರೆ ಚಪ್ಪಲಿಯೊಳಗೆ ಸದಾ ಒಂದು ಕಲ್ಲು ಸಿಕ್ಕಿಕೊಂಡಿರುವಂತೆ. ಸ್ಪರ್ಶಜ್ಞಾನ ಸರಿಯಿರುವವರು ಅದನ್ನು ಎರಡು ದಿನವೂ ಸಹಿಸುವುದಿಲ್ಲ. ಕಾಲನ್ನು ಓರೆಯಾಗಿ ಊರುತ್ತಾರೆ, ಚಪ್ಪಲಿ ಬದಲಿಸುತ್ತಾರೆ, ಯಾರಿಗಾದರೂ ತೋರಿಸುತ್ತಾರೆ. 15 ವರ್ಷ ಸಕ್ಕರೆ ಕಾಯಿಲೆಯೊಂದಿಗೆ ಬದುಕಿದವರಿಗೆ ಅಲ್ಲಿ ನೋವೇ ಇಲ್ಲವೆಂದರೆ, ನೋವಿನ ಸುದ್ದಿಯನ್ನು ನರಗಳು ಮೇಲಕ್ಕೆ ತಲುಪಿಸುತ್ತಿಲ್ಲ ಎಂದು ಅನುಮಾನಿಸಬೇಕು. ರಕ್ತದ ಸಕ್ಕರೆ ಬಹುಕಾಲ ಏರಿದ್ದರೆ ಮೊದಲು ಕೆಡುವುದು ದೇಹದ ಅತಿ ಉದ್ದದ ನರಗಳ ತುದಿಗಳು. ಅದಕ್ಕೇ ತೊಂದರೆ ಕಾಲ್ಬೆರಳಿನಿಂದ ಶುರುವಾಗಿ, ಕಾಲುಚೀಲ ಏರಿಸಿದಂತೆ ಮೇಲೆ ಹತ್ತುತ್ತದೆ. ಕೆಲವರಿಗೆ ಜೋಮು, ಉರಿ. ಇನ್ನು ಕೆಲವರಿಗೆ ಏನೂ ಇಲ್ಲ. ಕಾಲು ಸುಮ್ಮನೆ ಮೌನವಾಗಿಬಿಡುತ್ತದೆ.

ಆ ನರಗಳು ಬರೀ ಸ್ಪರ್ಶವನ್ನಷ್ಟೇ ನೋಡಿಕೊಳ್ಳುತ್ತಿರಲಿಲ್ಲ. ಪಾದದ ಪುಟ್ಟ ಸ್ನಾಯುಗಳು ಅವುಗಳ ಹಿಡಿತದಲ್ಲಿದ್ದವು, ಬೆವರೂ ಅವುಗಳ ಹಿಡಿತದಲ್ಲಿತ್ತು. ಸ್ನಾಯು ಸೊರಗಿದರೆ ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡು ಅವುಗಳ ಬುಡದ ಮೂಳೆ ಕೆಳಕ್ಕೆ ಒತ್ತುತ್ತದೆ. ಬೆವರು ನಿಂತರೆ ಚರ್ಮ ಒಣಗಿ ಗಡುಸಾಗುತ್ತದೆ. ಒತ್ತಡ ಹೆಚ್ಚಿದಲ್ಲಿ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಜಡ್ಡುಗಟ್ಟುತ್ತದೆ, ಆ ಜಡ್ಡೇ ಮತ್ತಷ್ಟು ಒತ್ತಡ ತರುತ್ತದೆ. ಕೊನೆಗೆ ಜಡ್ಡಿಗೂ ಮೂಳೆಗೂ ನಡುವೆ ಸಿಕ್ಕ ಮೆದು ಮಾಂಸ ಜಜ್ಜಿಹೋಗಿ ಒಳಗೇ ರಕ್ತ ಒಸರುತ್ತದೆ. ಹುಣ್ಣು ಒಳಗಿನಿಂದ ಹೊರಕ್ಕೆ ಬೆಳೆಯುವುದರಿಂದ ಮೇಲೆ ನೋಡುವವರ ಕಣ್ಣಿಗೆ ಕಾಣುವುದು ಆಣಿ ಮಾತ್ರ.

ಇಂಥದ್ದೇ ಒಂದು ಕಾಲನ್ನು ನಾನು ಮರೆತಿಲ್ಲ. ಬಂದವರು ವಯಸ್ಸಾದ ಒಬ್ಬ ಹಿರಿಯರು. ಬಂದದ್ದು ಮಂಡಿನೋವಿಗೆ, ಚಪ್ಪಲಿ ಕಳಚಿ ಅಂಗಾಲು ತೋರಿಸಿ ಎಂದು ನಾನೇ ಕೇಳಿದೆ. ಹೆಬ್ಬೆರಳ ಬುಡದಲ್ಲಿ ನಾಣ್ಯದಗಲದ ಜಡ್ಡು, ಮೇಣದ ಬಣ್ಣ. ನಟ್ಟನಡುವೆ ಕಂದುಗೆಂಪಿನ ಒಂದು ಚುಕ್ಕೆ, ಸಾಸಿವೆ ಕಾಳಿನಷ್ಟು. ಶಸ್ತ್ರಕ್ರಿಯೆಯ ಬ್ಲೇಡಿನಿಂದ ಪದರ ಪದರವಾಗಿ ಕೆರೆಯುತ್ತಾ ಹೋದೆ. ನಾಲ್ಕನೆಯದೋ ಐದನೆಯದೋ ಪದರ ಎದ್ದಾಗ ಚರ್ಮದ ಕೆಳಗೆ ಟೊಳ್ಳು ಸಿಕ್ಕಿತು, ಕಪ್ಪು ರಕ್ತ ಬೆರೆತ ನೀರು ಹೊರಬಂತು. ಕಿರುಬೆರಳ ತುದಿ ಹಿಡಿಸುವಷ್ಟು ಗುಂಡಿ. ಅಷ್ಟು ಹೊತ್ತೂ ಆ ಹಿರಿಯರು ಮೊಮ್ಮಗಳ ಪರೀಕ್ಷೆಯ ವಿಷಯ ಹೇಳುತ್ತಲೇ ಇದ್ದರು. ಕಾಲು ಒಂದಿಷ್ಟೂ ಅಲುಗಲಿಲ್ಲ. ಆ ಕಾಲು ಉಳಿಯಿತು, ಆದರೆ ಹುಣ್ಣು ಮಾಯಲು ಹತ್ತು ವಾರ ಹಿಡಿಯಿತು. ಅಷ್ಟು ದಿನವೂ ಆ ಜಾಗಕ್ಕೆ ಭಾರ ಬೀಳದಂತೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿರಬೇಕಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಆಣಿಪಟ್ಟಿ ಬೇಡವೇ ಬೇಡ. ಅದರಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ, ಸಾಮಾನ್ಯವಾಗಿ 40 ಪ್ರತಿಶತದಷ್ಟು ಸಾಂದ್ರತೆಯದು. ಅದು ಗಡುಸು ಚರ್ಮವನ್ನು ಕರಗಿಸುತ್ತದೆ, ನಿಜ. ಆದರೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬುದು ಅದಕ್ಕೆ ಗೊತ್ತಿಲ್ಲ. ಪಟ್ಟಿ ಒಂದಿಷ್ಟು ಸರಿದರೂ ಪಕ್ಕದ ಚರ್ಮ ಸುಡುತ್ತದೆ, ಸುಟ್ಟದ್ದು ನಿಮ್ಮ ತಾಯಿಯವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಬ್ಲೇಡು, ಕತ್ತರಿ, ಸೂಜಿ ಯಾವುದನ್ನೂ ಅದರ ಮೇಲೆ ಆಡಿಸಬೇಡಿ. ಈ ವಾರದೊಳಗೆ ವೈದ್ಯರಿಗೆ ತೋರಿಸಿ. ಆಣಿಯ ನಡುವೆ ಕಪ್ಪು ಅಥವಾ ಕಂದು ಬಣ್ಣ, ಸುತ್ತ ಕೆಂಪು, ಬಿಸಿ, ಒಸರು, ದುರ್ವಾಸನೆ, ಜ್ವರ ಇವುಗಳಲ್ಲಿ ಒಂದು ಕಂಡರೂ ವಾರ ಕಾಯಬೇಡಿ, ಅದೇ ದಿನ ಹೋಗಿ.

ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎಂದು ಅದರ ಹೆಸರು. ಬೇಕಾಗುವುದು ನಿಮ್ಮ ತೋರುಬೆರಳು ಮಾತ್ರ. ತಾಯಿಯವರನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಮುಟ್ಟಿದ್ದು ತಿಳಿದಾಗ ‘ಎಡ’ ಅಥವಾ ‘ಬಲ’ ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ತಿಳಿಯದಿದ್ದರೆ ಕಾಲಿನ ಸ್ಪರ್ಶಜ್ಞಾನ ಕುಂದಿದೆ ಎಂದೇ ಭಾವಿಸಿ. ಎಲ್ಲ ಬೆರಳೂ ತಿಳಿದರೆ ಸಂತೋಷ, ಆದರೆ ವೈದ್ಯರ ಬಳಿ ಹೋಗುವುದನ್ನು ಬಿಡಬೇಡಿ. ಅವರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಇನ್ನಷ್ಟು ಕರಾರುವಾಕ್ಕಾಗಿ ಪರೀಕ್ಷಿಸುತ್ತಾರೆ. ಪಾದದ ಮೇಲೂ ಹರಡಿನ ಹಿಂದೂ ನಾಡಿ ಮಿಡಿತ ಹಿಡಿದು ನೋಡುತ್ತಾರೆ, ಏಕೆಂದರೆ ರಕ್ತ ಸಾಕಷ್ಟು ಹರಿಯದ ಕಾಲಿನಲ್ಲಿ ಸಣ್ಣ ಗಾಯವೂ ಮಾಯುವುದಿಲ್ಲ. ತಾಯಿಯವರು ಬಹುಕಾಲದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಬಿ12 ಜೀವಸತ್ವದ ಮಟ್ಟವನ್ನೂ ಕೇಳಿ ಪರೀಕ್ಷೆ ಮಾಡಿಸಿ. ಆ ಮಾತ್ರೆಯಿಂದ ಬಿ12 ಇಳಿಯಬಹುದು, ಇಳಿದರೆ ನರಗಳಿಗೆ ಇನ್ನೊಂದು ಪೆಟ್ಟು.

ಅದು ಆಣಿಯೇ ಹೌದೇ ಎಂಬುದನ್ನೂ ವೈದ್ಯರೇ ಹೇಳಬೇಕು. ಅಂಗಾಲಿನ ನರಹುಲಿ ನೋಡಲು ಆಣಿಯಂತೆಯೇ ಇರುತ್ತದೆ. ಮೇಲಿನ ಪದರ ಕೆರೆದರೆ ನರಹುಲಿಯಲ್ಲಿ ಚರ್ಮದ ಗೆರೆಗಳು ಕಡಿದುಹೋಗಿರುತ್ತವೆ, ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ರಕ್ತ ಹೆಪ್ಪುಗಟ್ಟಿದ ಕಿರುನಾಳಗಳು. ಆಣಿ ನೇರವಾಗಿ ಒತ್ತಿದರೆ ನೋಯುತ್ತದೆ, ನರಹುಲಿ ಎರಡು ಬದಿಯಿಂದ ಹಿಸುಕಿದರೆ ನೋಯುತ್ತದೆ. ನರಹುಲಿ ವೈರಸ್ಸಿನಿಂದ ಬರುತ್ತದೆ. ಆಣಿಯ ಕಾರಣ ಒತ್ತಡ ಒಂದೇ. ಹಾಗಾಗಿ ಆಣಿಯನ್ನು ಎಷ್ಟು ಸಲ ಕೆರೆದು ತೆಗೆದರೂ, ‘ಬೇರು ಸಮೇತ’ ತೆಗೆದರೂ, ಒತ್ತುತ್ತಿರುವ ಪಾದರಕ್ಷೆ ಬದಲಾಗದಿದ್ದರೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಆಣಿಗೆ ಬೇರು ಎಂಬುದಿಲ್ಲ. ಒಳಕ್ಕೆ ಮೊನೆಚಾಗಿ ಒತ್ತಿಕೊಂಡ ಗಡುಸು ಚರ್ಮವನ್ನೇ ಜನ ಬೇರು ಎನ್ನುವುದು.

ತಾಯಿಯವರ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿದೆಯೇ, ಅದರ ಬುಡದಲ್ಲಿ ಒಳಬದಿಗೆ ಗಂಟು ಎದ್ದಿದೆಯೇ ನೋಡಿ. ಬನಿಯನ್ ಎನ್ನುವುದು ಅದನ್ನೇ. ಅದು ಹೊಸದಾಗಿ ಬೆಳೆದ ಮೂಳೆಯಲ್ಲ, ಸಾಲು ತಪ್ಪಿದ ಮೂಳೆ. ಮನೆತನದಲ್ಲಿ ಹರಿದು ಬರುವುದು ಸಾಮಾನ್ಯವಾದ್ದರಿಂದ ನಿಮ್ಮ ಕಾಲನ್ನೂ ಒಮ್ಮೆ ನೋಡಿಕೊಳ್ಳಿ. ಮುಂದೆ ಅಗಲವಾದ ಪಾದರಕ್ಷೆಯಿಂದ ನೋವು ಇಳಿಯುತ್ತದೆ, ಆದರೆ ಬೆರಳು ನೆಟ್ಟಗಾಗುವುದಿಲ್ಲ. ರಾತ್ರಿ ಕಟ್ಟಿಕೊಂಡು ಮಲಗುವ ಪಟ್ಟಿಗಳಿಂದಲೂ ನೆಟ್ಟಗಾಗುವುದಿಲ್ಲ, ಅದಕ್ಕಾಗಿ ದುಡ್ಡು ಸುರಿಯಬೇಡಿ. ನೆಟ್ಟಗೆ ಮಾಡುವುದು ಶಸ್ತ್ರಚಿಕಿತ್ಸೆ ಮಾತ್ರ. ಅದನ್ನು ನೋವಿಗಾಗಿ ಮಾಡಿಸಬೇಕೇ ಹೊರತು ಅಂದಕ್ಕಾಗಿ ಅಲ್ಲ.

ಪಾದರಕ್ಷೆಯ ಅಳತೆ ನೋಡಲು ಹಾಳೆ, ಪೆನ್ಸಿಲ್ ಸಾಕು. ಸಂಜೆ ಹೊತ್ತಿನಲ್ಲಿ, ಪಾದ ಸ್ವಲ್ಪ ಊದಿರುವಾಗ, ತಾಯಿಯವರನ್ನು ಹಾಳೆಯ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಅವರು ದಿನವೂ ಹಾಕುವ ಪಾದರಕ್ಷೆ ಇಡಿ. ಗೆರೆ ಹೊರಗೆ ಇಣುಕಿದರೆ ಆ ಪಾದರಕ್ಷೆ ಅವರದ್ದಲ್ಲ. ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಉಳಿಯಬೇಕು. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ಎಷ್ಟೋ ಜನರಿಗೆ ಅದು ಎರಡನೆಯದು.

ಇನ್ನು ಪ್ರತಿದಿನದ ಕೆಲಸ. ರಾತ್ರಿ ಮಲಗುವ ಮುನ್ನ ಅವರ ಎರಡೂ ಅಂಗಾಲು, ಬೆರಳ ಸಂದಿಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಒಬ್ಬರೇ ಇದ್ದಾಗ ನೆಲದ ಮೇಲೆ ಕನ್ನಡಿ ಇಟ್ಟುಕೊಂಡು ಅವರೇ ನೋಡಿಕೊಳ್ಳಬಹುದು. ಪಾದರಕ್ಷೆ ಹಾಕುವ ಮೊದಲು ಒಳಗೆ ಕೈ ಆಡಿಸಬೇಕು. ಸಣ್ಣ ಕಲ್ಲು, ಮಡಿಚಿದ ಒಳಪದರ, ಮೇಲೆದ್ದ ಮೊಳೆ ಯಾವುದೂ ಅವರ ಕಾಲಿಗೆ ತಿಳಿಯುವುದಿಲ್ಲ. ಮನೆಯೊಳಗೂ ಬರಿಗಾಲು ಬೇಡ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡಬಾರದು, ಮೊಣಕೈಯಿಂದ ನೋಡಬೇಕು. ಬಿಸಿನೀರಿನ ಚೀಲದ ಶಾಖ ಕಾಲಿಗೆ ಬೇಡವೇ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಒಳಕ್ಕೆ ಕೊರೆಯಬೇಡಿ. ಒಳಕ್ಕೆ ಬೆಳೆದು ಮಾಂಸಕ್ಕೆ ಚುಚ್ಚುವ ಉಗುರಿಗೆ ಮುಖ್ಯ ಕಾರಣಗಳಲ್ಲಿ ಹೀಗೆ ಮೂಲೆ ಕೊರೆಯುವುದೂ ಒಂದು. ಅಂಥ ಉಗುರು ಪದೇ ಪದೇ ಕೀವು ಕಟ್ಟುತ್ತಿದ್ದರೆ ಬೆರಳನ್ನು ಮರಗಟ್ಟಿಸಿ, ಚುಚ್ಚುವ ಅಂಚನ್ನಷ್ಟೇ ತೆಗೆದು, ಅದು ಹುಟ್ಟುವ ಬುಡಕ್ಕೆ ಅದನ್ನು ಸುಡುವ ಫೀನಾಲ್ ಎಂಬ ರಾಸಾಯನಿಕ ಹಚ್ಚುತ್ತಾರೆ. ಚಿಕ್ಕ ಕೆಲಸ, ಆ ಅಂಚು ಮತ್ತೆ ಬೆಳೆಯುವುದು ಅಪರೂಪ. ಪೂರ್ತಿ ಉಗುರು ಕೀಳಿಸಿಕೊಂಡು ಒದ್ದಾಡಬೇಕಾಗಿಲ್ಲ.

ತಾಯಿಯವರ ವಿಷಯದಲ್ಲಿ ಇನ್ನೊಂದೇ ಮಾತು, ಇದನ್ನು ನೆನಪಿಡಿ. ಗಾಯವೇ ಇಲ್ಲದೆ ಅವರ ಒಂದು ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾದರೆ, ನೋವು ಇರಲಿ ಇಲ್ಲದಿರಲಿ, ಆ ಕಾಲಿನ ಮೇಲೆ ಭಾರ ಹಾಕಲು ಬಿಡದೆ ತಕ್ಷಣ ಕರೆದೊಯ್ಯಿರಿ. ಸ್ಪರ್ಶಜ್ಞಾನ ಹೋದ ಪಾದದಲ್ಲಿ ಮೂಳೆ ಕೀಲುಗಳು ಒಳಗೇ ಮುರಿದು ಕುಸಿಯುವ ಶಾರ್ಕೋ ಎಂಬ ತೊಂದರೆ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಅದನ್ನು ಉಳುಕು ಎಂದೋ ಸೋಂಕು ಎಂದೋ ತಿಳಿದು ನಡೆದಾಡಿದರೆ ಪಾದದ ಆಕಾರವೇ ಕೆಡುತ್ತದೆ.

ಈಗ ನಿಮ್ಮ ಹಿಮ್ಮಡಿ. ನೀವು ಬರೆದಿರುವ ನಾಲ್ಕೇ ವಾಕ್ಯಗಳಲ್ಲಿ ರೋಗನಿರ್ಣಯ ಹೆಚ್ಚುಕಡಿಮೆ ಮುಗಿದಿದೆ. ಬೆಳಗಿನ ಮೊದಲ ಹೆಜ್ಜೆಗೆ ಚುಚ್ಚು, ನಡೆದರೆ ಇಳಿತ, ದಿನವಿಡೀ ನಿಂತ ಮೇಲೆ ಮತ್ತೆ ನೋವು: ಇದು ಪ್ಲಾಂಟರ್ ಫೇಸಿಯೈಟಿಸ್. ಹಿಮ್ಮಡಿ ಮೂಳೆಯ ತಳದಿಂದ ಹೊರಟು ಐದೂ ಬೆರಳುಗಳ ಬುಡಕ್ಕೆ ಹರಡುವ ಗಟ್ಟಿ ಪಟ್ಟಿಯೊಂದು ಅಂಗಾಲಿನಲ್ಲಿದೆ. ಪಾದದ ಕಮಾನನ್ನು ಬಿಲ್ಲಿನ ಹೆದೆಯಂತೆ ಎಳೆದು ಹಿಡಿದಿರುವುದು ಅದೇ. ನಿಮ್ಮ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆತ್ತಿ, ಇನ್ನೊಂದು ಕೈಯಿಂದ ಅಂಗಾಲಿನ ಒಳಬದಿ ಮುಟ್ಟಿ ನೋಡಿ. ತಂತಿಯಂತೆ ಬಿಗಿಯುವುದು ತಿಳಿಯುತ್ತದೆ. ಆ ಪಟ್ಟಿ ಮೂಳೆಗೆ ಅಂಟುವ ಬುಡದಲ್ಲಿ, ಹೊರಲಾರದಷ್ಟು ಎಳೆತ ಬಿದ್ದು ಎಳೆಗಳು ಸವೆದಿವೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಬಾಗಿ ಪಟ್ಟಿ ಮುದುಡಿಕೊಳ್ಳುತ್ತದೆ. ಬೆಳಗ್ಗೆ ಇಡೀ ಮೈಭಾರ ಒಮ್ಮೆಲೇ ಅದನ್ನು ಎಳೆಯುತ್ತದೆ. ಮೊಳೆ ಚುಚ್ಚಿದಂತಾಗುವುದು ಅದಕ್ಕೇ.

ಎಕ್ಸ್‌-ರೇಯಲ್ಲಿ ಕಂಡ ಮುಳ್ಳು? ಅದನ್ನು ಕತ್ತರಿಸಬೇಕಾಗಿಲ್ಲ. ಚಿತ್ರದಲ್ಲಿ ನೋಡಿದಾಗ ಆ ಮುಳ್ಳೇ ನೆಲಕ್ಕೆ ಚುಚ್ಚುತ್ತಿದೆ ಎನಿಸುತ್ತದೆ, ಭಯವಾಗುವುದು ಸಹಜ. ಆದರೆ ಅದರ ಮೊನೆ ಇರುವುದು ಬೆರಳುಗಳ ಕಡೆಗೆ, ನೆಲದ ಕಡೆಗಲ್ಲ. ಹಿಮ್ಮಡಿ ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌-ರೇಯಲ್ಲೂ ಅದು ಇರುತ್ತದೆ. ನೋವು ಪೂರ್ತಿ ಗುಣವಾದವರ ಎಕ್ಸ್‌-ರೇ ಮತ್ತೆ ತೆಗೆದರೆ ಮುಳ್ಳು ಅಲ್ಲೇ ಇರುತ್ತದೆ. ಅದು ನೋವಿನ ಜೊತೆಗಿರುವ ವಸ್ತು, ನೋವಿನ ಕಾರಣವಲ್ಲ. ‘ಮೂಳೆ ಬೆಳೆದಿದೆ’ ಎಂಬ ಒಂದು ಮಾತಿಗೆ ಹೆದರಿ ವರ್ಷಗಟ್ಟಲೆ ನಡಿಗೆಯನ್ನೇ ಬಿಟ್ಟವರನ್ನು ನೋಡಿದ್ದೇನೆ, ಅದಕ್ಕಾಗಿಯೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಈ ನೋವು ಬಂದ ಹತ್ತು ಜನರಲ್ಲಿ ಎಂಟೊಂಬತ್ತು ಮಂದಿ ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ಸುಧಾರಿಸುತ್ತಾರೆ. ಅದನ್ನು ಬೇಗನೆ ತರುವ ಕೆಲಸ ನಿಮ್ಮ ಕೈಯಲ್ಲಿದೆ. ಬೆಳಗ್ಗೆ ಎಚ್ಚರವಾದ ಮೇಲೆ ಕಾಲು ನೆಲಕ್ಕೆ ಊರುವ ಮೊದಲೇ ಹಾಸಿಗೆಯ ಅಂಚಿನಲ್ಲಿ ಕುಳಿತು, ಬಲಗಾಲನ್ನು ಎಡತೊಡೆಯ ಮೇಲಿಟ್ಟು, ಐದೂ ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಅಂಗಾಲಿನ ಪಟ್ಟಿ ಬಿಗಿದದ್ದು ಇನ್ನೊಂದು ಕೈಗೆ ತಿಳಿಯಬೇಕು. ಹತ್ತು ಸೆಕೆಂಡು ಹಿಡಿದು ಬಿಡಿ, ಹತ್ತು ಸಲ ಮಾಡಿ. ದಿನಕ್ಕೆ ಮೂರು ಬಾರಿ. ತುಂಬ ಹೊತ್ತು ಕುಳಿತು ಏಳುವ ಮೊದಲೂ ಒಮ್ಮೆ ಮಾಡಿ. ಜೊತೆಗೆ ಗೋಡೆಗೆ ಕೈ ಊರಿ, ಬಲಗಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ ಮೀನಖಂಡವನ್ನು ಹಿಗ್ಗಿಸಿ. ಮೀನಖಂಡ ಬಿಗಿಯಾಗಿದ್ದರೆ ಅಂಗಾಲಿನ ಮೇಲಿನ ಎಳೆತ ಹೆಚ್ಚುತ್ತದೆ.

ಚುಚ್ಚು ಸ್ವಲ್ಪ ಇಳಿದ ಮೇಲೆ ಪಟ್ಟಿಯನ್ನು ಬಲಗೊಳಿಸಬೇಕು. ಈ ಭಾಗವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನೋವು ಮರಳುವುದಕ್ಕೆ ಅದೂ ಒಂದು ಕಾರಣ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಂಡು, ಕಂಬಿ ಹಿಡಿದು ಬಲಗಾಲೊಂದರ ಮೇಲೆ ನಿಲ್ಲಿ. ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ಎರಡು ಎಣಿಸುವವರೆಗೆ ಮೇಲೇ ಇರಿ, ಮತ್ತೆ ಮೂರು ಎಣಿಸುತ್ತಾ ಇಳಿಸಿ. ಹನ್ನೆರಡು ಸಲ ಆದರೆ ಒಂದು ಸುತ್ತು. ದಿನ ಬಿಟ್ಟು ದಿನ ಮೂರು ಸುತ್ತು. ಒಂದು ಕಾಲಿನ ಮೇಲೆ ಕಷ್ಟವಾದರೆ ಎರಡೂ ಕಾಲಿನಿಂದ ಶುರು ಮಾಡಿ. ಮಾಡುವಾಗ ಸ್ವಲ್ಪ ನೋವಾಗುವುದು ಸರಿ. ಮರುದಿನ ಬೆಳಗಿನ ನೋವು ಮುಂಚಿಗಿಂತ ಹೆಚ್ಚಾದರೆ ಸುತ್ತುಗಳನ್ನು ಕಡಿಮೆ ಮಾಡಿ. ಮೂರು ತಿಂಗಳು ಬಿಡದೆ ಮಾಡಿ. ಎರಡು ವಾರಕ್ಕೆ ಏನೂ ಆಗಲಿಲ್ಲವೆಂದು ಕೈಬಿಡುವುದೇ ಈ ಕಾಯಿಲೆಯಲ್ಲಿ ಆಗುವ ದೊಡ್ಡ ತಪ್ಪು.

ತರಗತಿಯಲ್ಲಿ ನಿಲ್ಲುವ ಪಾದರಕ್ಷೆಯ ಅಟ್ಟೆ ತೆಳ್ಳಗೆ ಚಪ್ಪಟೆಯಾಗಿದ್ದರೆ ಮೊದಲು ಅದನ್ನು ಬದಲಿಸಿ. ಹಿಮ್ಮಡಿ ತುಸು ಎತ್ತರ, ಮೆತ್ತನೆಯ ಒಳಪದರ, ನಡುವೆ ಹಿಡಿದು ತಿರುಚಿದರೆ ಬಟ್ಟೆಯಂತೆ ತಿರುಚಿಕೊಳ್ಳದ ಅಟ್ಟೆ ಇರಲಿ. ಸಿಲಿಕೋನ್ ಹಿಮ್ಮಡಿ ಬಟ್ಟಲು ಒಳ್ಳೆಯದೇ. ಅಳತೆ ತೆಗೆದು ಮಾಡಿಸುವ ದುಬಾರಿ ಒಳಪದರಗಳು ಸಿದ್ಧವಾಗಿ ಸಿಗುವವುಗಳಿಗಿಂತ ಹೆಚ್ಚು ಗುಣ ಕೊಡುತ್ತವೆ ಎಂಬುದಕ್ಕೆ ಬಲವಾದ ಆಧಾರವಿಲ್ಲ. ಮನೆಯಲ್ಲಿ ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡಬೇಡಿ. ಸಂಜೆ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸಿದರೆ ಹಾಯೆನಿಸುತ್ತದೆ. ಇದನ್ನು ನಿಮ್ಮ ತಾಯಿಯವರು ಮಾಡಬಾರದು.

ಸ್ಟೀರಾಯ್ಡ್ ಚುಚ್ಚುಮದ್ದಿನ ಮಾತು ಬಂದೇ ಬರುತ್ತದೆ. ಅದು ಕೆಲವು ವಾರ ನೋವು ಇಳಿಸುತ್ತದೆ, ಆ ಪಟ್ಟಿಯನ್ನು ರಿಪೇರಿ ಮಾಡುವುದಿಲ್ಲ. ಪದೇ ಪದೇ ಕೊಟ್ಟರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ. ಕರಗಿದ ಮೆತ್ತೆಯನ್ನು ಮರಳಿ ತರುವ ಮದ್ದಿಲ್ಲ. ನಡೆಯಲಾಗದಷ್ಟು ನೋವಿದ್ದು ವ್ಯಾಯಾಮ ಶುರು ಮಾಡುವುದಕ್ಕೇ ಆಗದವರಿಗೆ ಒಂದು ಚುಚ್ಚುಮದ್ದು ಕೊಡಬಹುದು ಎನ್ನುವುದು ನನ್ನ ಅಭಿಪ್ರಾಯ. ಆರು ತಿಂಗಳ ಶ್ರದ್ಧೆಯ ವ್ಯಾಯಾಮಕ್ಕೂ ಬಗ್ಗದಿದ್ದರೆ, ನೋಯುವ ಜಾಗಕ್ಕೆ ಯಂತ್ರದಿಂದ ಒತ್ತಡದ ಅಲೆಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆ ಇದೆ. ಶಸ್ತ್ರಚಿಕಿತ್ಸೆಯ ಸರದಿ ಎಲ್ಲಕ್ಕಿಂತ ಕೊನೆಗೆ, ಅದೂ ಬೆರಳೆಣಿಕೆಯ ಜನರಿಗೆ.

ಹಿಮ್ಮಡಿ ನೋವೆಲ್ಲ ಇದೇ ಎಂದೂ ಅಲ್ಲ. ಹಿಮ್ಮಡಿಯನ್ನು ಎರಡು ಬದಿಯಿಂದ ಅಂಗೈಗಳ ನಡುವೆ ಹಿಸುಕಿದಾಗ ಜೋರಾಗಿ ನೋಯುವುದಾದರೆ ಮೂಳೆಯಲ್ಲಿ ಬಿರುಕು ಇರಬಹುದು. ಅಂಗಾಲಿನಲ್ಲಿ ಉರಿ, ಜೋಮು ಇದ್ದರೆ ನರ ಸಿಕ್ಕಿಕೊಂಡಿರಬಹುದು. ಎರಡೂ ಹಿಮ್ಮಡಿ ನೋಯುತ್ತಾ, ಬೆಳಗ್ಗೆ ಸೊಂಟ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದಿರುವುದಾದರೆ ಅದು ಉರಿಯೂತದ ಸಂಧಿವಾತದ ಸೂಚನೆ. ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ತಡೆಯಲಾರದ ನೋವಾದರೆ ಗೌಟ್, ಅಂದರೆ ಕೀಲಿನಲ್ಲಿ ಯೂರಿಕ್ ಆಮ್ಲದ ಹರಳು ಸೇರುವ ಕಾಯಿಲೆ, ಇರಬಹುದು. ಇವುಗಳಿಗೆ ಬೇರೆಯೇ ಚಿಕಿತ್ಸೆ.

ಒಡೆದ ಹಿಮ್ಮಡಿಯ ವಿಷಯ ಸರಳ. ಅಂಗಾಲಿನ ಚರ್ಮದಲ್ಲಿ ಎಣ್ಣೆಯ ಗ್ರಂಥಿಗಳೇ ಇಲ್ಲ, ಬೆವರಿನ ಗ್ರಂಥಿ ಮಾತ್ರ. ಒಣಗಿ ದಪ್ಪಗಾದ ಚರ್ಮಕ್ಕೆ ಹಿಗ್ಗುವ ಗುಣ ಹೋಗಿರುತ್ತದೆ; ನಿಂತಾಗ ಒಳಗಿನ ಮೆತ್ತೆ ಬದಿಗೆ ಹರಡಿದಂತೆ ಅಂಚು ಸೀಳುತ್ತದೆ. ರಾತ್ರಿ ಕಾಲು ತೊಳೆದು, ಪ್ಯೂಮಿಸ್ ಕಲ್ಲಿನಿಂದ ಹಗುರವಾಗಿ ಉಜ್ಜಿ, ಒರೆಸಿದ ಕೂಡಲೇ ತೇವ ಆರುವ ಮೊದಲು 10ರಿಂದ 25 ಪ್ರತಿಶತ ಯೂರಿಯಾ ಇರುವ ಕ್ರೀಮ್ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿ. ರಕ್ತ ಬರುವಷ್ಟು ಆಳದ ಸೀಳಿದ್ದರೆ ಯೂರಿಯಾ ಉರಿಯುತ್ತದೆ, ಅದು ಕೂಡುವವರೆಗೆ ಪೆಟ್ರೋಲಿಯಂ ಜೆಲ್ಲಿ ಸಾಕು. ಹದಿನೈದು ದಿನದಲ್ಲಿ ವ್ಯತ್ಯಾಸ ಕಾಣಬೇಕು. ಕಾಣದಿದ್ದರೆ, ಅಂಗಾಲೆಲ್ಲ ಪುಡಿಪುಡಿಯಾಗಿ ಬಿಳಿ ಹೊಟ್ಟು ಏಳುತ್ತಿದ್ದರೆ, ಅದು ಬರೀ ಒಣ ಚರ್ಮವಲ್ಲ, ಶಿಲೀಂಧ್ರ ಸೋಂಕು ಆಗಿರಬಹುದು. ನಿಮ್ಮ ಉಗುರುಗಳೂ ಹಳದಿಯಾಗಿರುವುದರಿಂದ ಆ ಅನುಮಾನ ನನಗಿದೆ.

ಆದರೆ ಅನುಮಾನದ ಮೇಲೆ ಮಾತ್ರೆ ನುಂಗಬೇಡಿ. ದಪ್ಪಗಾಗಿ ಬಣ್ಣ ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣ. ಉಳಿದವು ಬಿಗಿ ಬೂಟಿನ ಪೆಟ್ಟು, ಸೋರಿಯಾಸಿಸ್, ವಯಸ್ಸು ಇತ್ಯಾದಿ. ಉಗುರಿನ ಚೂರನ್ನು ಪ್ರಯೋಗಾಲಯದಲ್ಲಿ ನೋಡಿಸಿ, ಶಿಲೀಂಧ್ರ ಖಚಿತವಾದ ಮೇಲೆ ಟರ್ಬಿನಾಫಿನ್ ಮಾತ್ರೆ, ಸಾಮಾನ್ಯವಾಗಿ 12 ವಾರ, ವೈದ್ಯರು ಯಕೃತ್ತಿನ ಪರೀಕ್ಷೆ ನೋಡಿಕೊಂಡು ಕೊಡುತ್ತಾರೆ. ಮಾತ್ರೆ ಮುಗಿದಾಗಲೂ ಉಗುರು ಹಳದಿಯಾಗಿಯೇ ಇದ್ದರೆ ಗಾಬರಿಯಾಗಬೇಡಿ. ಕಾಲಿನ ಉಗುರು ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ, ಹೆಬ್ಬೆರಳಿನ ಹೊಸ ಉಗುರು ಪೂರ್ತಿ ಬರಲು 12ರಿಂದ 18 ತಿಂಗಳು ಬೇಕು. ಬುಡದಲ್ಲಿ ಒಳ್ಳೆಯ ಉಗುರು ಹುಟ್ಟುತ್ತಿದೆಯೇ ಎಂದು ನೋಡಿ.

ಬೆರಳ ಸಂದಿ, ಮುಖ್ಯವಾಗಿ ಕೊನೆಯ ಎರಡು ಬೆರಳುಗಳ ನಡುವೆ, ಬೆಳ್ಳಗೆ ನೆಂದಂತಾಗಿ ತುರಿಸುತ್ತಿದ್ದರೆ ಅದೂ ಶಿಲೀಂಧ್ರವೇ. ಉಗುರಿಗೆ ಹೋಗುವ ದಾರಿಯೂ ಅದೇ. ಟರ್ಬಿನಾಫಿನ್ ಕ್ರೀಮ್ ಆದರೆ ಒಂದೆರಡು ವಾರ, ಕ್ಲೋಟ್ರಿಮಜೋಲ್ ಆದರೆ ನಾಲ್ಕು ವಾರ. ತುರಿಕೆ ನಿಂತ ದಿನವೇ ಹಚ್ಚುವುದನ್ನು ನಿಲ್ಲಿಸಬೇಡಿ. ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳನ್ನು ಮುಟ್ಟಬೇಡಿ. ಎರಡೇ ದಿನದಲ್ಲಿ ತುರಿಕೆ ಮಾಯವಾಗುತ್ತದೆ, ಶಿಲೀಂಧ್ರ ಮಾತ್ರ ಚರ್ಮದೊಳಗೆ ಹಾಯಾಗಿ ಹರಡುತ್ತದೆ. ಸ್ನಾನದ ನಂತರ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ. ಹಿಮ್ಮಡಿಗೆ ಹಚ್ಚುವ ಕ್ರೀಮ್ ಸಂದಿಗೆ ತಾಗಬಾರದು, ಈ ಮಾತು ತಾಯಿಯವರಿಗೂ ಅನ್ವಯ. ಒಂದೇ ಜೊತೆ ಬೂಟನ್ನು ದಿನವೂ ಹಾಕದೆ ಒಂದು ದಿನ ಆರಲು ಬಿಡಿ.

ವೈದ್ಯರ ಬಳಿ ಹೋಗುವಾಗ ತಾಯಿಯವರನ್ನು ಹೊಸ ಚಪ್ಪಲಿಯಲ್ಲಿ ಕರೆದೊಯ್ಯಬೇಡಿ. ಅವರು ದಿನವೂ ಹಾಕುವ, ಹೆಚ್ಚು ಸವೆದ ಜೋಡಿಯನ್ನೇ ಹಾಕಿಸಿ. ನೀವು ಎಳೆದ ಪಾದದ ಗೆರೆಯ ಹಾಳೆಯನ್ನೂ ಇಟ್ಟುಕೊಳ್ಳಿ. ಎಡ ಚಪ್ಪಲಿಯ ಒಳಗೆ, ಹೆಬ್ಬೆರಳ ಬುಡ ಬೀಳುವ ಜಾಗದಲ್ಲಿ ಕಪ್ಪಗೆ ಹೊಳೆಯುವ ಒಂದು ತಗ್ಗು ಇರುತ್ತದೆ ಎಂದು ನನ್ನ ಊಹೆ. ಆಣಿ ತೋರಿಸುವ ಮೊದಲು ಆ ತಗ್ಗನ್ನು ತೋರಿಸಿ.